ನಾಯಿಯ ಮೂಗು ಒಣಗಿ ಒರಟಾಗಿದೆ: ಮನೆಯಲ್ಲೇ ಯಾವ ಆರೈಕೆ ಮಾಡಬಹುದು?

ಪ್ರಶ್ನೆ: ಬೆಳ್ಳಕ್ಕಿ

ನಮ್ಮ ನಾಯಿ ಗುಂಡನಿಗೆ ಈಗ ಎಂಟು ವರ್ಷ. ಮಿಶ್ರ ತಳಿಯವನು, ತೂಕ ಸುಮಾರು 15 ಕಿಲೋ, ಹೆಚ್ಚಿನ ಹೊತ್ತು ಮನೆಯೊಳಗೇ ಇರುತ್ತಾನೆ. ನಿದ್ದೆಯಿಂದ ಎದ್ದಾಗ ಅವನ ಮೂಗು ಒಣಗಿರುವುದು ಮೊದಲೂ ಇತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ತೇವವಾಗುತ್ತಿದ್ದುದರಿಂದ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಚೆಗೆ ಮಾತ್ರ ಮಧ್ಯಾಹ್ನವಾದರೂ ಒರಟಾಗಿಯೇ ಕೈಗೆ ತಾಗುತ್ತದೆ, ಮೇಲಂಚಿನಲ್ಲಿ ಸಣ್ಣಗೆ ಸಿಪ್ಪೆ ಏಳುತ್ತಿದೆ. ಊಟ, ಆಟ, ಓಡಾಟಗಳಲ್ಲಿ ಏನೂ ವ್ಯತ್ಯಾಸವಿಲ್ಲ. ಮೂಗು ಮುಟ್ಟಿದರೆ ನೋವಾಗುವಂತೆಯೂ ತೋರುವುದಿಲ್ಲ.

ಮೂಗು ಒಣಗಿದ್ದರೆ ನಾಯಿಗೆ ಜ್ವರವಿದೆಯೆಂದೇ ಅರ್ಥ ಎಂದು ಮನೆಯ ಹಿರಿಯರು ಹೇಳುತ್ತಾರೆ. ನಾವು ತುಟಿಗೆ ಹಚ್ಚಿಕೊಳ್ಳುವ ಬಾಮನ್ನೇ ಹಚ್ಚಬಹುದೆಂದು ಗೆಳತಿಯೊಬ್ಬರು ಹೇಳಿದರೆ, ತೆಂಗಿನೆಣ್ಣೆ ಸಾಕೆಂದು ಇನ್ನೊಬ್ಬರು ಹೇಳಿದರು. ಇದು ನಿಜಕ್ಕೂ ಕಾಯಿಲೆಯ ಲಕ್ಷಣವೇ, ಮನೆಯಲ್ಲೇ ಏನನ್ನು ಹಚ್ಚಬಹುದು, ಯಾವ ಹಂತದಲ್ಲಿ ವೈದ್ಯರಲ್ಲಿಗೆ ಹೋಗಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೊಂಗೆನೆರಳು

ಬೆಳ್ಳಕ್ಕಿಯವರೇ, ಮೊದಲು ಜ್ವರದ ವಿಷಯವನ್ನು ಬದಿಗಿಡೋಣ. ನಾಯಿಗೆ ಜ್ವರವಿದೆಯೇ ಇಲ್ಲವೇ ಎಂಬುದನ್ನು ಮೂಗು ಹೇಳುವುದಿಲ್ಲ, ಥರ್ಮಾಮೀಟರ್ ಹೇಳುತ್ತದೆ. ಆರೋಗ್ಯವಂತ ನಾಯಿಯ ಮೈಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ, ಅಂದರೆ ನಮ್ಮ ಮೈಬಿಸಿಗಿಂತ ಹೆಚ್ಚು. ಆದ್ದರಿಂದ ಕೈಗೆ ಬೆಚ್ಚಗೆ ತಾಗಿತೆಂಬ ಕಾರಣಕ್ಕೆ ಗಾಬರಿಯಾಗಬೇಕಿಲ್ಲ. ಅನುಮಾನವಿದ್ದರೆ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ ಗುದದ್ವಾರದಲ್ಲಿ ಅಳೆಯಬೇಕು. ಜ್ವರವಿರುವ ನಾಯಿಯ ಮೂಗು ಒದ್ದೆಯಾಗಿರಬಹುದು, ಯಾವ ತೊಂದರೆಯೂ ಇಲ್ಲದ ನಾಯಿಯ ಮೂಗು ಒಣಗಿರಬಹುದು. ಒಂದೇ ದಿನದಲ್ಲಿ ಹಲವು ಸಲ ಒಣಗಿ ಮತ್ತೆ ತೇವವಾಗುವುದೂ ಸಹಜವೇ.

ಮೂಗಿನ ತೇವ ಎಲ್ಲಿಂದ ಬರುತ್ತದೆಂದು ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಮೂಗಿನ ತುದಿಯ ರೋಮವಿಲ್ಲದ ಕಪ್ಪು ಚರ್ಮದಲ್ಲಿ ಬೆವರಿನ ಗ್ರಂಥಿಗಳಿಲ್ಲ, ಅಲ್ಲಿ ಕಾಣುವ ತೇವವೆಲ್ಲ ಬೇರೆಡೆಯಿಂದ ಬಂದದ್ದು. ಮೂಗಿನ ಒಳಗಿನ ಪಾರ್ಶ್ವಗ್ರಂಥಿಯಿಂದ ನೀರಿನಂತಹ ದ್ರವ ಹೊಳ್ಳೆಯತ್ತ ಒಸರುತ್ತದೆ, ಕಣ್ಣೀರಿನ ಒಂದಂಶ ಸಣ್ಣ ನಾಳದ ಮೂಲಕ ಮೂಗಿಗಿಳಿಯುತ್ತದೆ, ಉಳಿದದ್ದನ್ನು ನಾಲಗೆ ಪೂರೈಸುತ್ತದೆ. ಎಚ್ಚರವಿರುವ ನಾಯಿ ಆಗಾಗ ಮೂಗನ್ನು ನೆಕ್ಕಿಕೊಳ್ಳುವುದು ಬರಿಯ ಚಟವಲ್ಲ. ತೇವದ ಪದರಕ್ಕೆ ವಾಸನೆಯ ಕಣಗಳು ಅಂಟಿಕೊಳ್ಳುವುದರಿಂದ ಅದರ ಮೂಸುವಿಕೆಗೇ ಅದು ಬೇಕು. ನಿದ್ದೆಯಲ್ಲಿ ನೆಕ್ಕುವುದು ನಿಲ್ಲುತ್ತದೆ, ಗಾಳಿಗೆ ತೇವ ಆರುತ್ತದೆ, ಎದ್ದಾಗ ಮೂಗು ಒಣಗಿರುತ್ತದೆ. ಬಿಸಿಲಲ್ಲಿ ಮಲಗಿದ್ದು ಬಂದರೂ, ಹೀಟರಿನ ಅಥವಾ ಎಸಿಯ ಗಾಳಿ ನೇರವಾಗಿ ಮುಖಕ್ಕೆ ಬೀಸುತ್ತಿದ್ದರೂ ಹೀಗೆಯೇ ಆಗುತ್ತದೆ. ಪಗ್, ಬುಲ್‌ಡಾಗ್‌ನಂತಹ ಮೊಂಡು ಮೂತಿಯ ತಳಿಗಳಲ್ಲಿ ನಾಲಗೆ ಮೂಗಿಗೆ ಸರಿಯಾಗಿ ತಲುಪದೆ ಮೂಗು ಬಹುಪಾಲು ಹೊತ್ತು ಒಣಗಿಯೇ ಇರುತ್ತದೆ.

ಹೀಗಾಗಿ ತೇವವಿದೆಯೇ ಇಲ್ಲವೇ ಎನ್ನುವುದಕ್ಕಿಂತ ಮೂಗಿನ ಮೇಲ್ಮೈ ಹೇಗಿದೆ ಎನ್ನುವುದನ್ನು ನೋಡಬೇಕು. ಕಿಟಕಿಯ ಬಳಿ ಒಳ್ಳೆಯ ಬೆಳಕಿನಲ್ಲಿ ಗಮನಿಸಿ: ಆರೋಗ್ಯವಾದ ಮೂಗಿನ ಮೇಲೆ ಸಣ್ಣ ಕಲ್ಲುಗಳನ್ನು ಒತ್ತೊತ್ತಾಗಿ ಹಾಸಿದಂತಹ ವಿನ್ಯಾಸ ಕಾಣುತ್ತದೆ. ಆ ವಿನ್ಯಾಸ ಉಳಿದುಕೊಂಡು ಮೇಲಂಚಿನಲ್ಲಷ್ಟೇ ಗಡುಸಾದ ಬೂದು ಪದರ ಕಟ್ಟಿದ್ದರೆ ಅದು ಬಹುಮಟ್ಟಿಗೆ ವಯಸ್ಸಾದ ನಾಯಿಗಳಲ್ಲಿ ಚರ್ಮದ ಮೇಲ್ಪದರದ ಗಡುಸು ಪ್ರೋಟೀನಾದ ಕೆರಾಟಿನ್ ಉದುರದೆ ಸೇರಿಕೊಳ್ಳುವ ಸ್ಥಿತಿ, ಮನೆಯ ಆರೈಕೆಗೆ ಬಗ್ಗುತ್ತದೆ. ವಿನ್ಯಾಸವೇ ಅಳಿಸಿ ಮೇಲ್ಮೈ ನುಣುಪಾಗುತ್ತಿದ್ದರೆ, ಕಪ್ಪು ಬಣ್ಣ ಹೋಗಿ ಗುಲಾಬಿ ಅಥವಾ ಬೂದಿಯಾಗುತ್ತಿದ್ದರೆ, ಹುಣ್ಣು, ಹಕ್ಕಳೆ, ರಕ್ತ ಕಂಡರೆ ಎಣ್ಣೆ ಜೆಲ್ಲಿಗಳ ಮಾತು ಅಲ್ಲಿಗೇ ನಿಲ್ಲಬೇಕು. ಲೂಪಸ್, ಪೆಂಫಿಗಸ್‌ನಂತಹ ಕಾಯಿಲೆಗಳು ಹೀಗೆ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ತಿರುಗಿ ಬಿದ್ದಿರುತ್ತದೆ. ಯಾವುದೆಂದು ಖಚಿತಪಡಿಸಲು ವೈದ್ಯರು ಚರ್ಮದ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಅಂಗಾಲಿನ ಮೆತ್ತೆಗಳನ್ನೂ ಜೊತೆಗೇ ನೋಡಿ. ಮೂಗು ಮತ್ತು ಮೆತ್ತೆಗಳು ಎರಡೂ ಒಟ್ಟಿಗೆ ಗಡುಸಾಗುವುದು ಬೇರೆಯೇ ಕಥೆ. ಲಸಿಕೆ ಹಾಕಿಸದ ನಾಯಿಯಲ್ಲಿ ಹಾಗಾದರೆ ಡಿಸ್ಟೆಂಪರ್ ಎಂಬ ಗಂಭೀರ ವೈರಸ್ ಕಾಯಿಲೆಯನ್ನು ನೆನೆಯಬೇಕಾಗುತ್ತದೆ.

ಉತ್ತರ: ಅಂಗಳದ ಕಾವಲು

ನಾನು ಪ್ರಾಣಿ ಚಿಕಿತ್ಸಾಲಯವೊಂದರಲ್ಲಿ ಸಹಾಯಕನಾಗಿ ಕೆಲಸ ಮಾಡುತ್ತೇನೆ. ಮೇಲಿನ ಉತ್ತರ ಸರಿಯಾಗಿದೆ. ತುಟಿಯ ಬಾಮಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕೆನಿಸಿತು.

ನಾಯಿಯ ಮೂಗಿಗೆ ಹಚ್ಚಿದ್ದೆಲ್ಲ ನಾಯಿಯ ಹೊಟ್ಟೆಗೆ ಹೋಗುತ್ತದೆ. ನೀವು ಕೈ ತೆಗೆದ ಮರುಕ್ಷಣವೇ ನಾಲಗೆ ಹೊರಬರುತ್ತದೆ. ಹಾಗಾಗಿ ಚರ್ಮಕ್ಕೆ ಇದು ಒಳ್ಳೆಯದೇ ಎಂದು ಕೇಳುವುದಕ್ಕೆ ಮೊದಲು ನಾಯಿ ಇದನ್ನು ದಿನವೂ ತಿಂದರೆ ನಡೆಯುತ್ತದೆಯೇ ಎಂದು ಕೇಳಿಕೊಳ್ಳಬೇಕು. ತುಟಿಯ ಬಾಮುಗಳಲ್ಲಿ ಕೆಲವಕ್ಕೆ ಸಿಹಿಗಾಗಿ ಕ್ಸೈಲಿಟಾಲ್ ಸೇರಿಸಿರುತ್ತಾರೆ. ಅದು ನಾಯಿಗಳಲ್ಲಿ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ, ಪ್ರಮಾಣ ಹೆಚ್ಚಾದರೆ ಯಕೃತ್ತಿಗೂ ಹಾನಿ ಮಾಡುತ್ತದೆ. ಮೆಂಥಾಲ್, ಕರ್ಪೂರ, ಸುಗಂಧ ತೈಲಗಳಿರುವ ಬಾಮುಗಳು ಮೂಸಿಯೇ ಬದುಕುವ ಪ್ರಾಣಿಗೆ ಹಿಂಸೆ. ಟೀ ಟ್ರೀ ಎಣ್ಣೆಯಂತೂ ವಿಷ. ಮಕ್ಕಳ ಡೈಪರ್ ಕ್ರೀಮಿನಲ್ಲಿಯೂ ಹಲವು ಸನ್‌ಸ್ಕ್ರೀನುಗಳಲ್ಲಿಯೂ ಇರುವ ಸತುವಿನ ಆಕ್ಸೈಡ್ ಮತ್ತೆ ಮತ್ತೆ ಹೊಟ್ಟೆ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ.

ಎಲ್ಲಕ್ಕಿಂತ ಅಪಾಯಕಾರಿಯಾದವು ಮನೆಯ ಔಷಧಿ ಡಬ್ಬಿಯಲ್ಲಿರುವ ಟ್ಯೂಬುಗಳು. ಸೋರಿಯಾಸಿಸ್‌ಗೆ ಕೊಡುವ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು, ಚರ್ಮದ ಗಡ್ಡೆಗಳಿಗೆ ಬಳಸುವ ಫ್ಲೋರೋಯುರಾಸಿಲ್ ಕ್ರೀಮ್ ಇವೆರಡೂ ಸಣ್ಣ ಪ್ರಮಾಣದಲ್ಲೇ ನಾಯಿಯ ಜೀವ ತೆಗೆಯಬಲ್ಲವು. ಹಚ್ಚುವುದಿರಲಿ, ಬಿಸಾಡಿದ ಖಾಲಿ ಟ್ಯೂಬನ್ನು ಕಚ್ಚಲೂ ಬಿಡಬಾರದು. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಸ್ಟೀರಾಯ್ಡ್ ಕ್ರೀಮುಗಳನ್ನು ಜನ ನಿರಪಾಯವೆಂದು ತಿಳಿದಿರುತ್ತಾರೆ. ಅವನ್ನು ತಾವಾಗಿಯೇ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುವುದಲ್ಲದೆ, ಮುಂದೆ ವೈದ್ಯರು ಚರ್ಮದ ಚೂರು ತೆಗೆದು ನೋಡಿದಾಗ ಕಾಯಿಲೆಯ ಗುರುತೇ ಮರೆಯಾಗಿರಬಹುದು.

ಉಳಿಯುವುದು ಕೆಲವೇ ವಸ್ತುಗಳು: ಬಣ್ಣವಾಗಲಿ ಪರಿಮಳವಾಗಲಿ ಇಲ್ಲದ ಶುದ್ಧ ಪೆಟ್ರೋಲಿಯಂ ಜೆಲ್ಲಿ, ತೆಂಗಿನೆಣ್ಣೆ, ಅಥವಾ ನಾಯಿಗಳಿಗೆಂದೇ ತಯಾರಾದ, ನೆಕ್ಕಿದರೂ ತೊಂದರೆಯಿಲ್ಲದ ಮೂಗಿನ ಬಾಮು. ಜೆಲ್ಲಿಯನ್ನು ಸ್ವಲ್ಪ ನೆಕ್ಕಿದರೆ ಏನೂ ಆಗುವುದಿಲ್ಲ, ಹೆಚ್ಚಾದರೆ ಭೇದಿಯಾಗಬಹುದು. ಯಾವುದನ್ನೇ ಆಗಲಿ ಹೊಳ್ಳೆಯ ಒಳಕ್ಕೆ ಹಾಕಬೇಡಿ. ಎಣ್ಣೆ, ಜೆಲ್ಲಿಯಂತಹ ಜಿಡ್ಡು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ.

ಉತ್ತರ: ಕರಿಮೂಗು

ಏನನ್ನು ಹಚ್ಚಬೇಕೆಂಬುದು ಸ್ಪಷ್ಟವಾಯಿತು. ಹೇಗೆ ಹಚ್ಚಬೇಕೆಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ನನ್ನ ಲ್ಯಾಬ್ರಡಾರ್‌ಗೆ ಇದು ಜೀವನವಿಡೀ ನಡೆಯಬೇಕಾದ ಕೆಲಸ. ಲ್ಯಾಬ್ರಡಾರ್ ತಳಿಯಲ್ಲಿ ಹುಟ್ಟಿನಿಂದಲೇ ಬರುವ ಮೂಗಿನ ತೊಂದರೆಯೊಂದಿದೆ. ಆರು ತಿಂಗಳಿಂದ ಒಂದು ವರ್ಷದ ವಯಸ್ಸಿನೊಳಗೆ ಮೂಗಿನ ಮೇಲೆ ಕಂದು ಅಥವಾ ಬೂದು ಬಣ್ಣದ ಹಕ್ಕಳೆ ಕಟ್ಟತೊಡಗುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2013ರಲ್ಲಿ ಗುರುತಿಸಲಾಯಿತು; ತಾಯಿ, ತಂದೆ ಇಬ್ಬರಿಂದಲೂ ಆ ದೋಷ ಬಂದ ಮರಿಗೆ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಗುಣವಾಗುವುದಿಲ್ಲ, ಆದರೆ ನಾಯಿಯ ಆರೋಗ್ಯಕ್ಕೆ ಬೇರೆ ಕೇಡಿಲ್ಲ. ಗುಂಡನ ವಯಸ್ಸು ನೋಡಿದರೆ ಅವನದು ಇದಲ್ಲ. ಆರೈಕೆಯ ಕ್ರಮ ಮಾತ್ರ ಒಂದೇ.

ಒಣಗಿ ಗಡುಸಾದ ಪದರದ ಮೇಲೆ ನೇರವಾಗಿ ಜೆಲ್ಲಿ ಬಳಿದರೆ ಹೆಚ್ಚು ಪ್ರಯೋಜನವಿಲ್ಲ. ಜೆಲ್ಲಿ ತಾನಾಗಿ ತೇವ ಕೊಡುವುದಿಲ್ಲ, ಇರುವ ತೇವವನ್ನು ಆರದಂತೆ ತಡೆಯುತ್ತದೆ. ಆದ್ದರಿಂದ ಮೊದಲು ನೀರು ಕೊಡಬೇಕು. ಮೆತ್ತನೆಯ ಹತ್ತಿಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಹೊಳ್ಳೆಗಳು ಮುಚ್ಚದಂತೆ ಮೂಗಿನ ಮೇಲ್ಭಾಗಕ್ಕೆ ಒತ್ತಿ ಹಿಡಿಯಬೇಕು. ಐದು ನಿಮಿಷವಾದರೂ ಬೇಕು, ಹತ್ತಾದರೆ ಒಳ್ಳೆಯದು. ನಮ್ಮವಳು ಪೂರ್ತಿ ಹೊತ್ತು ಸುಮ್ಮನಿರುವವಳಲ್ಲ. ತಲೆ ಕೊಡವಿದಾಗ ಬಿಟ್ಟುಬಿಟ್ಟು, ಸಮಾಧಾನವಾದ ಮೇಲೆ ಮತ್ತೆ ಹಿಡಿಯುತ್ತೇನೆ. ನೆನೆದ ಪದರ ಬಣ್ಣದಲ್ಲಿ ತುಸು ಬೆಳ್ಳಗಾಗಿ ಬೆರಳಿಗೆ ಮೆತ್ತಗೆ ಸಿಗುತ್ತದೆ. ಆಗ ತಾನಾಗಿ ಕಳಚಿಕೊಂಡು ಬಂದಷ್ಟನ್ನು ಬಟ್ಟೆಯಲ್ಲೇ ಒರೆಸಿ ತೆಗೆಯಬೇಕೇ ಹೊರತು ಉಗುರಿನಿಂದ ಕೀಳಬಾರದು, ಕತ್ತರಿಯ ಮಾತಂತೂ ಬೇಡ. ಕಿತ್ತರೆ ಕೆಳಗಿನ ಹಸಿ ಚರ್ಮ ಸೀಳಿ ರಕ್ತ ಬರುತ್ತದೆ, ಆ ಸೀಳಿನಲ್ಲಿ ಸೋಂಕು ಕೂರುತ್ತದೆ. ಇಷ್ಟಾದ ಮೇಲೆ ಒದ್ದೆ ಇನ್ನೂ ಆರದಿರುವಾಗಲೇ ಜೆಲ್ಲಿಯನ್ನು ತೆಳುವಾಗಿ, ಹೊಳಪು ಬರುವಷ್ಟೇ, ಸವರಬೇಕು. ದಪ್ಪಗೆ ಬಳಿದಷ್ಟೂ ನಾಲಗೆಯನ್ನು ಕರೆದಂತೆಯೇ.

ಹೊತ್ತಿನ ಆಯ್ಕೆಯೂ ಮುಖ್ಯ. ಊಟದ ತಟ್ಟೆ ಇಡುವ ಮುಂಚೆ ಹಚ್ಚಿದರೆ ಅದೆಲ್ಲ ಅನ್ನದೊಂದಿಗೇ ಹೋಗುತ್ತದೆ. ನಾನು ವಾಕಿಂಗಿಗೆ ಹೊರಡುವ ಮುಂಚೆ ಅಥವಾ ರಾತ್ರಿ ಅವಳು ತೂಕಡಿಸುತ್ತಿರುವಾಗ ಹಚ್ಚುತ್ತೇನೆ. ಹೊರಗೆ ಹೊರಟ ನಾಯಿಗೆ ಮೂಗನ್ನು ನೆಕ್ಕುವುದಕ್ಕಿಂತ ಮುಖ್ಯವಾದ ಕೆಲಸಗಳಿರುತ್ತವೆ. ಮೊದಲು ದಿನಕ್ಕೆ ಒಂದೆರಡು ಸಲ, ಮೆತ್ತಗಾದ ಮೇಲೆ ವಾರಕ್ಕೆ ಒಂದೆರಡು ಸಲ ಸಾಕು. ಪೂರ್ತಿ ಬಿಟ್ಟರೆ ಪದರ ಮತ್ತೆ ಕಟ್ಟುತ್ತದೆ.

ಉತ್ತರ: ನೀರಗುಬ್ಬಿ

ಒಂದೆರಡು ಸಣ್ಣ ಮಾತುಗಳು. ಗುಂಡ ಊಟ, ನೀರು ಪ್ಲಾಸ್ಟಿಕ್ ಬಟ್ಟಲಿನಲ್ಲಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಬದಲಿಸಿ ಸ್ಟೀಲಿನದನ್ನು ಇಡಿ. ಕೆಲವು ನಾಯಿಗಳಿಗೆ ಪ್ಲಾಸ್ಟಿಕ್ ಒಗ್ಗದೆ ಬಟ್ಟಲು ತಾಗುವ ಕಡೆ ಮೂಗು, ತುಟಿ ಬಣ್ಣಗೆಡುತ್ತವೆ. ನಾಯಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕಾಗುತ್ತದೆ, ಗುಂಡನ ತೂಕಕ್ಕೆ ಅದು 750ರಿಂದ 900 ಮಿಲಿಲೀಟರ್. ಊಟದಲ್ಲಿರುವ ನೀರೂ ಇದರಲ್ಲೇ ಸೇರಿತು. ಸಾಲುತ್ತಿದೆಯೇ ಎಂಬುದನ್ನು ಮೂಗಿಗಿಂತ ವಸಡು ಚೆನ್ನಾಗಿ ಹೇಳುತ್ತದೆ. ಮೇಲ್ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ: ಅದು ಜಾರುವಂತೆ ಒದ್ದೆಯಾಗಿರಬೇಕು, ಒತ್ತಿದ ಕಡೆ ಬಿಳುಪಾದದ್ದು ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡು ಅಂಟಂಟಾಗಿದ್ದರೆ ನೀರು ಸಾಲದೆಂದು ತಿಳಿಯಬಹುದು.

ಪ್ರತಿಕ್ರಿಯೆ: ಬೆಳ್ಳಕ್ಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಬಟ್ಟಲು ಮೊದಲಿಂದಲೂ ಸ್ಟೀಲಿನದೇ. ವಸಡು ಒದ್ದೆಯಾಗಿದೆ, ಅಂಗಾಲಿನ ಮೆತ್ತೆಗಳು ಎಂದಿನಂತಿವೆ, ಜ್ವರವಿಲ್ಲ, ಲಸಿಕೆಗಳೆಲ್ಲ ಆಗಿವೆ. ಹೊಂಗೆನೆರಳು ಅವರು ಹೇಳಿದಂತೆ ಕಿಟಕಿಯ ಬಳಿ ಕೂರಿಸಿಕೊಂಡು ನೋಡಿದೆ. ಬಣ್ಣ ಹೋಗಿಲ್ಲ, ಹುಣ್ಣೂ ಇಲ್ಲ. ಆದರೆ ಹಾಗೆ ನೋಡುವಾಗ ಒಂದು ಸಂಗತಿ ಗಮನಕ್ಕೆ ಬಂತು. ಒರಟುತನವೆಲ್ಲ ಮೂಗಿನ ಬಲಭಾಗದಲ್ಲೇ ಇದೆ. ನಡುವಿನ ಗೀರಿನಿಂದ ಎಡಕ್ಕೆ ತೇವವಾಗಿ ಹೊಳೆಯುತ್ತದೆ, ಬಲಕ್ಕೆ ಹೊಳ್ಳೆಯ ಅಂಚಿನವರೆಗೂ ಒಣಗಿ ಗಟ್ಟಿಯಾಗಿದೆ, ಹೊಳ್ಳೆಯ ಬಾಯಲ್ಲಿಯೂ ಒಣ ಹಕ್ಕಳೆ ಕೂತಿದೆ. ಬಲಗಣ್ಣಿನಲ್ಲಿ ಕೆಲವು ದಿನಗಳಿಂದ ಅಂಟಾದ ಪಿಸುರು ಬರುತ್ತಿರುವುದನ್ನು ನಾವು ಧೂಳಿನಿಂದ ಎಂದುಕೊಂಡು ಒರೆಸುತ್ತಿದ್ದೆವು. ಇವೆರಡಕ್ಕೂ ಸಂಬಂಧವಿರಬಹುದೇ?

ಉತ್ತರ: ಅಂಗಳದ ಕಾವಲು

ಸಂಬಂಧವಿರುವ ಸಾಧ್ಯತೆ ಬಹಳ ಹೆಚ್ಚು, ಇದನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ವಯಸ್ಸಿನಿಂದಲೋ ಹವೆಯಿಂದಲೋ ಒಣಗುವ ಮೂಗು ಎರಡೂ ಬದಿ ಒಂದೇ ರೀತಿ ಒಣಗುತ್ತದೆ. ಒಂದೇ ಬದಿ ಒಣಗಿ, ಅದೇ ಬದಿಯ ಕಣ್ಣಿನಲ್ಲಿ ಅಂಟು ಪಿಸುರು ಕಂಡರೆ ನರದ ತೊಂದರೆಯನ್ನು ಶಂಕಿಸಬೇಕಾಗುತ್ತದೆ. ಕಣ್ಣೀರಿನ ಗ್ರಂಥಿಗೂ ಮೂಗಿನ ಪಾರ್ಶ್ವಗ್ರಂಥಿಗೂ ಒಸರುವಂತೆ ಆಜ್ಞೆ ಒಯ್ಯುವ ನರತಂತುಗಳು ಸ್ವಲ್ಪ ದೂರ ಮುಖದ ನರದೊಂದಿಗೇ, ನಡುಗಿವಿಯ ಪಕ್ಕದಲ್ಲಿ ಹಾದುಹೋಗುತ್ತವೆ. ಅಲ್ಲಿ ಪೆಟ್ಟಾದರೆ ಆ ಬದಿಯ ಕಣ್ಣು, ಮೂಗು ಎರಡೂ ಒಟ್ಟಿಗೆ ಬತ್ತುತ್ತವೆ. ಕಿವಿಯ ಆಳದ ಸೋಂಕು ಇದಕ್ಕೊಂದು ಕಾರಣ. ಎಷ್ಟು ಹುಡುಕಿದರೂ ಕಾರಣ ಸಿಗದ ನಾಯಿಗಳೂ ಸಾಕಷ್ಟಿವೆ.

ಅವಸರ ಮೂಗಿಗಾಗಿ ಅಲ್ಲ, ಕಣ್ಣಿಗಾಗಿ. ಕಣ್ಣೀರಿಲ್ಲದ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಲು ಹೆಚ್ಚು ದಿನ ಬೇಕಿಲ್ಲ, ಹುಣ್ಣಾಳವಾದರೆ ದೃಷ್ಟಿಯೇ ಹೋಗಬಹುದು. ನಾಳೆಯೇ ಪಶುವೈದ್ಯರಿಗೆ ತೋರಿಸಿ. ಕಣ್ಣೀರಿನ ಪರೀಕ್ಷೆ ಬಹಳ ಸರಳವಾದದ್ದು: ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿಯನ್ನು ಒಂದು ನಿಮಿಷ ಸಿಕ್ಕಿಸಿ ಅದು ಎಷ್ಟು ದೂರ ನೆನೆಯಿತೆಂದು ಅಳೆಯುತ್ತಾರೆ. 15 ಮಿಲಿಮೀಟರಿಗಿಂತ ಹೆಚ್ಚು ನೆನೆದರೆ ಸರಿ, 10ಕ್ಕಿಂತ ಕಡಿಮೆಯಾದರೆ ಕಣ್ಣು ಒಣಗಿದೆಯೆಂದೇ ಲೆಕ್ಕ. ಹೋಗುವ ಮುನ್ನ ಇನ್ನೂ ಕೆಲವನ್ನು ಗಮನಿಸಿಟ್ಟುಕೊಂಡು ವೈದ್ಯರಿಗೆ ಹೇಳಿ: ಬಲಗಣ್ಣನ್ನು ಪೂರ್ತಿ ಮಿಟುಕಿಸುತ್ತಾನೆಯೇ, ಬಲಬದಿಯ ತುಟಿ ಜೋತಿದೆಯೇ, ಊಟ ಆ ಬದಿಯಿಂದ ಬೀಳುತ್ತದೆಯೇ, ತಲೆ ಒಂದು ಕಡೆ ವಾಲಿದೆಯೇ, ಕಿವಿ ಕೆರೆದುಕೊಳ್ಳುತ್ತಾನೆಯೇ.

ಅಲ್ಲಿಯವರೆಗೆ ಪಿಸುರನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒಳಮೂಲೆಯಿಂದ ಹೊರಕ್ಕೆ ಒರೆಸಿ. ಮೂಗಿಗೆ ಒದ್ದೆ ಬಟ್ಟೆ, ತೆಳುವಾದ ಜೆಲ್ಲಿ ಇವುಗಳಿಗೆ ಅಡ್ಡಿಯಿಲ್ಲ. ಮನೆಯಲ್ಲಿರುವ ಯಾವ ಕಣ್ಣಿನ ಹನಿಯನ್ನೂ ಹಾಕಬೇಡಿ. ಸ್ಟೀರಾಯ್ಡ್ ಇರುವ ಹನಿ ಹುಣ್ಣಾದ ಕಣ್ಣನ್ನು ಕೆಡಿಸುತ್ತದೆ, ಕೆಂಪು ಇಳಿಸುವ ಹನಿಗಳು ಹೊಟ್ಟೆಗೆ ಹೋದರೆ ನಾಯಿಗೆ ವಿಷ.

ಪ್ರತಿಕ್ರಿಯೆ: ಬೆಳ್ಳಕ್ಕಿ

ವೈದ್ಯರಿಗೆ ತೋರಿಸಿಕೊಂಡು ಬಂದೆವು. ಕಾಗದದ ಪಟ್ಟಿ ಎಡಗಣ್ಣಿನಲ್ಲಿ 19 ಮಿಲಿಮೀಟರ್ ನೆನೆಯಿತು, ಬಲಗಣ್ಣಿನಲ್ಲಿ ಕೇವಲ 4. ಬಣ್ಣದ ದ್ರವ ಹಾಕಿ ನೋಡಿದಾಗ ಹುಣ್ಣು ಕಾಣಲಿಲ್ಲ. ಕಿವಿಯ ಒಳಗೆ ಸದ್ಯಕ್ಕೆ ಸೋಂಕಿಲ್ಲ. ಮಿಟುಕಿಸುವುದರಲ್ಲಿ, ತುಟಿಯಲ್ಲಿ ತೊಂದರೆಯಿಲ್ಲ. ಕಣ್ಣಿಗೆ ದಿನಕ್ಕೆ ಹಲವು ಬಾರಿ ಹಾಕಲು ಕೃತಕ ಕಣ್ಣೀರಿನ ಜೆಲ್ ಕೊಟ್ಟಿದ್ದಾರೆ. ಗ್ರಂಥಿಗಳು ಒಸರುವಂತೆ ಮಾಡುವ ಪೈಲೋಕಾರ್ಪಿನ್ ಎಂಬ ಹನಿಯನ್ನು ಕಣ್ಣಿಗೆ ಹಾಕದೆ ಊಟದಲ್ಲಿ ಬೆರೆಸಿ ಕೊಡಲು ಹೇಳಿದ್ದಾರೆ. ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ಏರಿಸುತ್ತಾ ಹೋಗಬೇಕಂತೆ. ಜೊಲ್ಲು ಹೆಚ್ಚಾದರೆ, ವಾಂತಿ ಭೇದಿಯಾದರೆ ಪ್ರಮಾಣ ಮೀರಿತೆಂದು ತಿಳಿದು ನಿಲ್ಲಿಸಿ ಫೋನ್ ಮಾಡಲು ಹೇಳಿದ್ದಾರೆ. ಮೂಗಿಗೆ ಬಟ್ಟೆ ಒತ್ತುವುದನ್ನು, ಜೆಲ್ಲಿ ಸವರುವುದನ್ನು ಮುಂದುವರಿಸಬಹುದೆಂದರು. ನರ ತಾನಾಗಿ ಚೇತರಿಸಿಕೊಳ್ಳುವುದೂ ಉಂಟಂತೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು ಎಂದರು.

ಒಂದೇ ಸಂದೇಹ ಉಳಿದಿದೆ. ಮೂಗಿನ ಜೆಲ್ಲಿ, ಕಣ್ಣಿನ ಜೆಲ್ ಎರಡನ್ನೂ ಒಂದೇ ಹೊತ್ತಿಗೆ ಹಚ್ಚಬಹುದೇ?

ಉತ್ತರ: ಕರಿಮೂಗು

ಹಚ್ಚಬಹುದು, ಆದರೆ ಕಣ್ಣಿನದು ಮೊದಲು. ಕೈ ತೊಳೆದು ಕಣ್ಣಿಗೆ ಹಾಕಿ ಮುಗಿಸಿದ ಮೇಲೆ ಮೂಗಿಗೆ ಬನ್ನಿ. ಪೆಟ್ರೋಲಿಯಂ ಜೆಲ್ಲಿ ಅಂಟಿದ ಬೆರಳು ಕಣ್ಣಿನ ಬಳಿಗೆ ಹೋಗಬಾರದು. ಬಲಹೊಳ್ಳೆಯ ಬಾಯಲ್ಲಿರುವ ಹಕ್ಕಳೆಯನ್ನು ಒದ್ದೆ ಬಟ್ಟೆಯಿಂದಷ್ಟೇ ನೆನೆಸಿ ತೆಗೆಯಿರಿ, ಅಲ್ಲಿಗೆ ಜೆಲ್ಲಿ ಬೇಡ. ಆ ಬದಿಯಲ್ಲಿ ಒಳಗಿನಿಂದ ದ್ರವ ಬರುತ್ತಿಲ್ಲವಾದ್ದರಿಂದ ಎಡಕ್ಕಿಂತ ಹೆಚ್ಚು ಸಲ ನೆನೆಸಬೇಕಾಗುತ್ತದೆ.